ಬೆತ್ತ ಕೆಳಗಿಟ್ಟ ಮೇಲೆ

ಮದ್ರಸದಲ್ಲಿ ಪಾಠ ಹೇಳಲು ಶುರು ಮಾಡಿದ ಮೊದಲ ಮೂರು ವರ್ಷ ನನ್ನ ಮೇಜಿನ ಮೇಲೆ ಬೆತ್ತ ಇತ್ತು. ನನಗೆ ಕಲಿಸಿದ ಉಸ್ತಾದರ ಕೈಯಲ್ಲೂ ಇತ್ತು, ಹಾಗಾಗಿ ತಪ್ಪು ಅಂತ ಅನಿಸಲೇ ಇಲ್ಲ. ಮಕ್ಕಳನ್ನು ಸೇರಿಸಲು ಬರುವ ತಂದೆಯರೂ "ಎರಡು ಕೊಟ್ಟಾದರೂ ಓದಿಸಿ ಉಸ್ತಾದ್" ಅನ್ನುತ್ತಿದ್ದರು.

ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾ ಓದುವಾಗ "ಅಲ್‌ಹಮ್ದು" ಅನ್ನುವಲ್ಲೇ ಎಡವುತ್ತಿದ್ದ. ಕನ್ನಡದಲ್ಲಿ ಇರುವುದು ಒಂದೇ ಹ. ಅರಬಿಯಲ್ಲಿ ಎರಡು, ಅದರಲ್ಲಿ ಇದು ಗಂಟಲಿನ ನಡುವಿನಿಂದ ಬರಬೇಕು. ದಿನಾ ತಪ್ಪು, ದಿನಾ ಅಂಗೈಗೆ ಎರಡು ಏಟು. ಒಂದು ಬೆಳಿಗ್ಗೆ ಅವನ ಸರದಿ ಬಂತು. ಎದ್ದು ಬಂದವನು ಬಾಯಿ ತೆರೆಯುವ ಮೊದಲೇ ಕೈ ಚಾಚಿ ನಿಂತ. ಇನ್ನೂ ಒಂದಕ್ಷರ ಓದಿರಲಿಲ್ಲ!

ಬೆತ್ತ ಕೆಳಗಿಟ್ಟೆ. ಮರುದಿನ ಮನೆಯಿಂದ ಸಣ್ಣ ಕನ್ನಡಿ ತಂದು, "ಇದರ ಮೇಲೆ ಮಂಜು ಕೂರುವ ಹಾಗೆ ಹಾ ಅಂತ ಊದು" ಎಂದೆ. ನಾಲ್ಕು ದಿನ ಹಿಡಿಯಿತು, ಅಷ್ಟೇ.

ಮದ್ರಸ ಕಮಿಟಿಯಲ್ಲಿ ಮಾತ್ರ ಸುಲಭವಾಗಲಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳಿಗೆ ಹೊಡೆಯಿರಿ ಅಂತ ಹದೀಸ್, ಅಂದರೆ ಪ್ರವಾದಿಯವರ ಮಾತು, ಇದೆಯಲ್ಲ ಎಂದರು ಹಿರಿಯರೊಬ್ಬರು. ಇದೆ. ಆದರೆ ಅದು ನಮಾಝಿನ ಬಗ್ಗೆ, ಅಕ್ಷರ ತಪ್ಪಿದ್ದಕ್ಕಲ್ಲ. ಅದಕ್ಕೂ ಮೊದಲು ಏಳನೇ ವರ್ಷದಿಂದ ಬಾಯಲ್ಲಿ ಹೇಳಿ ಅಂತಲೂ ಇದೆ. ದಿನಕ್ಕೆ ಐದು ಹೊತ್ತು, ಮೂರು ವರ್ಷ: ಐದು ಸಾವಿರಕ್ಕಿಂತ ಜಾಸ್ತಿ ಸಲ ಹೇಳಿದ ಹಾಗಾಯಿತು. ಅಷ್ಟು ತಾಳ್ಮೆಯಿಂದ ಹೇಳಿದವರು ನಮ್ಮಲ್ಲಿ ಯಾರಿದ್ದಾರೆ? ಹುಡುಗನಾಗಿದ್ದಾಗಲೇ ಪ್ರವಾದಿಯವರ ಸೇವೆಗೆ ಸೇರಿದ ಅನಸ್ ಅವರು, ಹತ್ತು ವರ್ಷದಲ್ಲಿ ಒಮ್ಮೆಯೂ ತನಗೆ "ಉಫ್" ಎನ್ನಲಿಲ್ಲ ಎಂದಿದ್ದಾರೆ. ಇನ್ನೊಬ್ಬರು ಕಾನೂನಿನ ಮಾತು ತೆಗೆದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ, 2012ರ ತಿದ್ದುಪಡಿ ಮದ್ರಸಗಳನ್ನು ಅದರಿಂದ ಹೊರಗಿಟ್ಟಿದೆ, ನಿಜ. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಗುವಿನ ಹೊಣೆ ಹೊತ್ತ ಯಾರನ್ನೂ ಬಿಡುವುದಿಲ್ಲ.

ಗಲಾಟೆ ನಿಂತಿತು ಅಂತ ಸುಮ್ನೆ ಹೇಳಲಾರೆ. ಮೊದಲ ತಿಂಗಳು ಜಾಸ್ತಿಯೇ ಆಯಿತು, ನಾನೂ ಒಂದೆರಡು ಸಲ ಕೂಗಾಡಿದೆ. ಈಗ ಗಲಾಟೆ ಮಾಡಿದವನನ್ನು ಪಕ್ಕದಲ್ಲಿ ಕೂರಿಸಿ, ಚಿಕ್ಕವರು ಓದುವುದನ್ನು ಕೇಳಿ ತಿದ್ದು ಎನ್ನುತ್ತೇನೆ. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವುದಿಲ್ಲ. ಒಬ್ಬಳ ಅಪ್ಪ ಗಲ್ಫ್‌ನಲ್ಲಿ, ಮನೆಯಲ್ಲಿ ಕೈಗೂಸು. ತಮ್ಮನನ್ನು ಮಲಗಿಸಿ ಬರುವ ಏಳು ವರ್ಷದ ಹುಡುಗಿಗೆ ಎಂಥ ಶಿಕ್ಷೆ ಕೊಡುವುದು? ಒಂದು ಬದಲಾವಣೆಯಂತೂ ಕಣ್ಣಿಗೆ ಕಂಡಿತು. ಪಾಠ ಒಪ್ಪಿಸುವ ದಿನ ಬರುತ್ತಿದ್ದ ಹೊಟ್ಟೆನೋವು ಕಮ್ಮಿಯಾಯಿತು.

ಮಳೆಗಾಲದಲ್ಲಿ ಶೀಟಿನ ಮಾಡಿನ ಸದ್ದಿಗೆ ನನ್ನ ಮಾತು ನನಗೇ ಕೇಳುವುದಿಲ್ಲ. ಆ ದಿನ ಎಲ್ಲರೂ ಒಟ್ಟಿಗೆ ಕುರ್‌ಆನಿನ ಸಣ್ಣ ಸೂರಗಳನ್ನು (ಅಧ್ಯಾಯಗಳನ್ನು) ಓದುತ್ತೇವೆ, ಎಷ್ಟು ಜೋರಾಗಿ ಬೇಕೋ ಅಷ್ಟು.