ಟರ್ಫ್ ಕುದುರೆ ಡರ್ಟ್‌ಗೆ ಇಳಿದಾಗ: ನನ್ನ ಅನುಭವ

ಬೆಂಗಳೂರು ಟರ್ಫ್ ಕ್ಲಬ್‌ನ ಹುಲ್ಲಿನ (ಟರ್ಫ್) ಓಟಗಳಲ್ಲೇ ಕಣ್ಣು ಪಳಗಿದ್ದ ನಾನು, ನ್ಯೂಯಾರ್ಕ್‌ಗೆ ಬಂದ ಮೊದಲ ಎರಡು ವರ್ಷಗಳಲ್ಲಿ ಡರ್ಟ್ ರೇಸುಗಳ, ಅಂದರೆ ಮಣ್ಣಿನ ಹಾದಿಯ ಓಟಗಳ ಮೇಲೆ ಸುಮಾರು 3,000 ಡಾಲರ್ ಕಳೆದುಕೊಂಡೆ. ಆಮೇಲೆ ಟರ್ಫ್‌ನಿಂದ ಡರ್ಟ್‌ಗೆ ಬರುವ ಕುದುರೆಗಳ ಮೇಲೆ ಮಾತ್ರ ಹಣ ಹಾಕುತ್ತೇನೆ ಎಂದಾಗ, ಅಲ್ಲಿನ ಅಕ್ವಿಡಕ್ಟ್ ರೇಸ್‌ಕೋರ್ಸಿನಲ್ಲಿ ಜೊತೆಗೆ ಕೂರುತ್ತಿದ್ದ ಗೆಳೆಯರು ಅದು ಹಣವನ್ನು ಮಣ್ಣಿಗೆ ಸುರಿಯುವ ಕೆಲಸವೆಂದರು. ಆದರೆ ಕಳೆದ ಮೂರು ಸೀಸನ್‌ಗಳಲ್ಲಿ ಹಾಕಿದ ಪ್ರತಿ 100 ಡಾಲರಿಗೆ ಅಂದಾಜು 118 ಮರಳಿದೆ. ವಿನ್ ಪೂಲ್‌ನಿಂದ (ಗೆಲ್ಲುವ ಕುದುರೆಗೆಂದು ಎಲ್ಲರೂ ಹಾಕಿದ ಒಟ್ಟು ಹಣದಿಂದ) ಶೇ. 16ರಷ್ಟು ಮೊದಲೇ ಕಡಿತವಾಗುವುದನ್ನು ಬಲ್ಲವರಿಗೆ ಈ ಅಂಕಿಯ ಬೆಲೆ ತಿಳಿಯುತ್ತದೆ.

ನನ್ನನ್ನು ಮೊದಲು ಹಾಳುಮಾಡಿದ್ದು ಆರ್ಕಾಂಗ್ ಎಂಬ ಕುದುರೆಯ ನೆನಪು. 1993ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ರೇಸ್‌ಕೋರ್ಸಿನಲ್ಲಿ ನಡೆದ ಬ್ರೀಡರ್ಸ್ ಕಪ್ ಕ್ಲಾಸಿಕ್ ಎಂಬ ದೊಡ್ಡ ಡರ್ಟ್ ಓಟದಲ್ಲಿ, ಎಂದೂ ಡರ್ಟ್ ಮೇಲೆ ಓಡಿರದ ಆ ಫ್ರೆಂಚ್ ಕುದುರೆ ಗೆದ್ದು 2 ಡಾಲರಿಗೆ 269.20 ಕೊಟ್ಟಿತ್ತು. ಅಂಥದ್ದು ಇನ್ನೊಂದು ಸಿಕ್ಕೀತೆಂದು ಯುರೋಪಿನಿಂದ ಬಂದ ಕುದುರೆಗಳ ಮೇಲೆ ಕಣ್ಣುಮುಚ್ಚಿ ಹಾಕುತ್ತ ಹೋದೆ. ಹಿಂದೆ ಉಳಿದು ಕೊನೆಯ ಎರಡು ಫರ್ಲಾಂಗಿನಲ್ಲಿ (ಸುಮಾರು 400 ಮೀಟರ್) ಮಿಂಚುವುದೇ ಅವುಗಳ ಶಕ್ತಿ. ಮುಂದಿನ ಗೊರಸುಗಳು ಎರಚುವ ಮಣ್ಣು ಮುಖಕ್ಕೆ ಬಡಿದೊಡನೆ ಬಹುಪಾಲು ತಲೆಯೆತ್ತಿ ಓಟವನ್ನೇ ಬಿಟ್ಟುಬಿಡುತ್ತಿದ್ದವು.

ಆದ್ದರಿಂದ ಈಗ ನಾನು ಟರ್ಫ್ ಓಟದ ಕೊನೆಯನ್ನು ಬಿಟ್ಟು, ಮೊದಲ ಎರಡು ಫರ್ಲಾಂಗಿನಲ್ಲಿ ಕುದುರೆ ಎಲ್ಲಿತ್ತು ಎಂಬುದನ್ನು ನೋಡುತ್ತೇನೆ. ಜಾಕಿ ಒತ್ತಾಯಿಸದೆಯೇ ಮೊದಲ ಮೂರರೊಳಗಿದ್ದು, ಕೊನೆಯಲ್ಲಿ ನಾಲ್ಕೈದು ಲೆಂಗ್ತ್‌ಗಳಲ್ಲಿ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯುದ್ದ) ಸೋತ ಕುದುರೆಯೇ ನನಗೆ ಬೇಕಾದದ್ದು, ಏಕೆಂದರೆ ಜನರ ಕಣ್ಣಿಗೆ ಅದರ ಸೋಲು ಮಾತ್ರ ಕಾಣುತ್ತದೆ. ವಂಶದಲ್ಲಿ ತಂದೆಗಿಂತ ತಾಯಿಯ ಕಡೆಯನ್ನು ಹೆಚ್ಚು ನಂಬುತ್ತೇನೆ. ಅಮೆರಿಕದ ಹೆಸರಾಂತ ಕುದುರೆ ಸಿಗಾರ್‌ನ ತಂದೆ ಪ್ಯಾಲೇಸ್ ಮ್ಯೂಸಿಕ್ ಹುಲ್ಲಿನ ಕುದುರೆಯಾಗಿದ್ದರೂ, ತಾಯಿಯ ತಂದೆ 1977ರ ಟ್ರಿಪಲ್ ಕ್ರೌನ್ (ಅಮೆರಿಕದ ಮೂರು ದೊಡ್ಡ ಡರ್ಟ್ ಓಟಗಳು) ಗೆದ್ದ ಸಿಯಾಟಲ್ ಸ್ಲೂ; 1994ರ ಅಕ್ಟೋಬರ್‌ನಲ್ಲಿ ಅಕ್ವಿಡಕ್ಟ್‌ನ ಡರ್ಟ್‌ಗೆ ಮರಳಿದ ದಿನ ಸಿಗಾರ್ ಎಂಟು ಲೆಂಗ್ತ್‌ಗಳಿಂದ ಗೆದ್ದು, ಸತತ 16 ಗೆಲುವುಗಳ ಸರಣಿಯನ್ನು ಆರಂಭಿಸಿತು. ಬೆಳಗಿನ ವರ್ಕ್‌ಔಟ್‌ಗಳ (ಅಭ್ಯಾಸದ ಓಟಗಳ) ಸಮಯ ನನಗೆ ಮುಖ್ಯವಲ್ಲ, ಇಲ್ಲಿನ ಟರ್ಫ್ ಕುದುರೆಗಳೂ ದಿನವೂ ಡರ್ಟ್ ಮೇಲೆಯೇ ಓಡಾಡುತ್ತವೆ. ಆ ವರ್ಕ್‌ಔಟ್‌ಗಳಲ್ಲಿ ನಾನು ಹುಡುಕುವ ಒಂದು ಗುರುತಿದೆ. ಅದನ್ನು ಇಲ್ಲಿ ಬರೆಯಲಾರೆ.

ನಡುವೆ ಒಂದು ಬೇಸಿಗೆಯಿಡೀ ಓಟಕ್ಕೆ ಮುನ್ನ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಾಕ್‌ನಲ್ಲಿ ನಿಂತು ಸುಮಾರು 140 ಕುದುರೆಗಳ ಗೊರಸುಗಳ ಚಿತ್ರ ತೆಗೆದೆ. ಅಗಲ ಗೊರಸಿನವು ಹುಲ್ಲಿಗೇ ಸರಿ ಎಂಬ ಹಳೆಯ ಮಾತಿಗೆ ನನ್ನ ಲೆಕ್ಕದಲ್ಲಿ ಯಾವ ಆಧಾರವೂ ಸಿಗಲಿಲ್ಲ.

ಲಾಭದ ಬಹುಪಾಲು ಬಂದದ್ದು ನ್ಯೂಯಾರ್ಕ್ ರಾಜ್ಯದ ಸಾರಟೋಗಾ ರೇಸ್‌ಕೋರ್ಸಿನಲ್ಲಿ ಮಳೆಯಿಂದಾಗಿ ಟರ್ಫ್‌ನಿಂದ ಡರ್ಟ್‌ಗೆ ವರ್ಗವಾದ ಓಟಗಳಲ್ಲಿ. 11 ಕುದುರೆಗಳ ಓಟ ಆರಕ್ಕೆ ಇಳಿಯುತ್ತದೆ, ಓಟ ಡರ್ಟ್‌ಗೆ ಬಂದರೆ ಮಾತ್ರ ಓಡಲೆಂದು ಹೆಸರು ಕೊಟ್ಟಿದ್ದ ಕುದುರೆಯ ಮೇಲೆ ಎಲ್ಲರ ಹಣ ಹರಿಯುತ್ತದೆ, ಮುಂದೆ ಓಡಬಲ್ಲ ನನ್ನ ಟರ್ಫ್ ಕುದುರೆಯನ್ನು ಕೇಳುವವರಿರುವುದಿಲ್ಲ. ಅಂಥ ಒಂದು ಸಂಜೆ ಹಾಕಿದ 60 ಡಾಲರಿಗೆ 690ರ ಆಸುಪಾಸು ಬಂತು. ಕುದುರೆಯ ಬೆಲೆ, ಅಂದರೆ ಗೆದ್ದಾಗ ಹಾಕಿದ ಒಂದು ಡಾಲರಿಗೆ ಸಿಗುವ ಲಾಭ, ನಾಲ್ಕು ಡಾಲರಿಗಿಂತ ಕೆಳಗಿಳಿದರೆ, ಕುದುರೆ ಎಷ್ಟೇ ಹಿಡಿಸಿದ್ದರೂ ನಾನು ಟಿಕೆಟ್ ಕೊಳ್ಳುವುದಿಲ್ಲ.