ಗಡ್ಡೆಯ ದಪ್ಪ ಬೇರೆ, ಆಳ ಬೇರೆ

ಎಂ.ಡಿ. ಪೆಥಾಲಜಿ (ದೇಹದಿಂದ ತೆಗೆದ ತುಂಡನ್ನು ಪರೀಕ್ಷಿಸಿ ರೋಗ ಗುರುತಿಸುವ ವಿಭಾಗ) ಮುಗಿಸಿ ಕೋಲಾರಕ್ಕೆ ಕೆಲಸಕ್ಕೆ ಬಂದ ಮೊದಲ ವರ್ಷವೇ ನಾನೊಂದು ತಪ್ಪು ರಿಪೋರ್ಟ್ ಬರೆದೆ. ಶ್ರೀನಿವಾಸಪುರದ ಕಡೆಯ ಒಬ್ಬ ಹೆಂಗಸಿಗೆ ಎಡಗೆನ್ನೆಯ ಒಳಗೆ ಹೂಕೋಸಿನ ಹಾಗೆ ಉಬ್ಬಿದ 3 ಸೆಂ.ಮೀ. ಕ್ಯಾನ್ಸರ್ ಗಡ್ಡೆ. ಅದರ ನೆತ್ತಿಯಿಂದ ತಳದವರೆಗೆ ಅಳೆದು ‘ಆಳ 12 ಮಿ.ಮೀ.’ ಎಂದು ಬರೆದುಬಿಟ್ಟೆ. ಆಳ 10 ಮಿ.ಮೀ. ದಾಟಿದರೆ ಟಿ3, ಅಂದರೆ ಗಡ್ಡೆಯ ಹಂತ ಟಿ2ಗಿಂತ ಒಂದು ಮೆಟ್ಟಿಲು ಮೇಲೆ. ರೇಡಿಯೇಷನ್ ಮಾತು ಶುರುವಾಯಿತು. ಚಿಕಿತ್ಸೆ ನಿರ್ಧರಿಸಲು ವೈದ್ಯರೆಲ್ಲ ಸೇರುವ ಟ್ಯೂಮರ್ ಬೋರ್ಡಿನಲ್ಲಿ ಆಪರೇಷನ್ ಮಾಡಿದವರು, “ನನ್ನ ಕೈಗೆ ಅಷ್ಟು ಆಳ ಸಿಕ್ಕಿರಲಿಲ್ಲ, ಇನ್ನೊಮ್ಮೆ ನೋಡಿ” ಎಂದರು. ಪಕ್ಕದ ಚೆನ್ನಾಗಿರುವ ಒಳಚರ್ಮದ ಬೇಸ್‌ಮೆಂಟ್ ಮೆಂಬ್ರೇನ್ (ಮೇಲ್ಪದರದ ಕೆಳಗಿನ ತೆಳು ಪೊರೆ) ಮಟ್ಟಕ್ಕೆ ಗೆರೆ ಎಳೆದು, ಅಲ್ಲಿಂದ ತೂಗುಗುಂಡು ಬಿಟ್ಟಂತೆ ನೇರ ಇಳಿದರೆ 7 ಮಿ.ಮೀ. ಮಾತ್ರ. ಉಳಿದದ್ದೆಲ್ಲ ಮೇಲಕ್ಕೆ ಬೆಳೆದದ್ದು. ಅದು ಟಿ2. ನಾನು ಅಳೆದದ್ದು ದಪ್ಪವನ್ನು.

ಬಾಯಿ ಕ್ಯಾನ್ಸರಿನ ಹಂತಕ್ಕೆ ಈ ಆಳ ಸೇರಿದ್ದು ಕ್ಯಾನ್ಸರ್ ಹಂತಗಳನ್ನು ಗೊತ್ತುಮಾಡುವ ಅಮೆರಿಕದ ಎಜೆಸಿಸಿ ಕೈಪಿಡಿಯ 8ನೇ ಆವೃತ್ತಿಯಲ್ಲಿ. 2018ರಿಂದ ಬಳಕೆಗೆ ಬಂತು. ನಾನು ಅದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಗೆ ಮಾತ್ರ ಬಂದಿರಲಿಲ್ಲ. ಆ ವಾರವೇ ಮುಂಬೈನಲ್ಲಿ ತಲೆ–ಕುತ್ತಿಗೆ ಪೆಥಾಲಜಿಯ ಒಂದು ವರ್ಷದ ಫೆಲೋಶಿಪ್‌ಗೆ ಅರ್ಜಿ ಹಾಕಿದೆ.

ಹೋದವಳು ಮೈಕ್ರೋಸ್ಕೋಪಿನ ಮುಂದೆ ಕೂರುತ್ತೇನೆಂದುಕೊಂಡಿದ್ದೆ. ಮೊದಲ ಮೂರು ತಿಂಗಳು ನಿಂತಿದ್ದೇ ಗ್ರಾಸಿಂಗ್ ಮೇಜಿನ ಮುಂದೆ, ಅಂದರೆ ಆಪರೇಷನ್‌ನಲ್ಲಿ ತೆಗೆದ ಭಾಗವನ್ನು ಬರಿಗಣ್ಣಿನಿಂದ ನೋಡಿ ಕತ್ತರಿಸುವ ಜಾಗದಲ್ಲಿ. ಕೆನ್ನೆ, ಅರ್ಧ ದವಡೆ, ಕುತ್ತಿಗೆಯ ಗ್ರಂಥಿಗಳು ಎಲ್ಲ ಸೇರಿದ ಒಂದೇ ತುಂಡು ಬರುತ್ತಿತ್ತು. ಮುಂದೆ ಯಾವುದು, ಮೇಲೆ ಯಾವುದು ಎಂದು ಹೇಳುವವರೆಗೆ ನನ್ನ ಗುರುಗಳು ಚಾಕು ಕೊಡುತ್ತಿರಲಿಲ್ಲ. ದಿಕ್ಕು ತಿಳಿಯಲೆಂದು ಥಿಯೇಟರಿನಲ್ಲಿ ಕಟ್ಟಿದ ದಾರದ ಗುರುತು ಬಿದ್ದುಹೋಗಿದ್ದರೆ ಊಹೆ ಮಾಡುವಂತಿಲ್ಲ. ಥಿಯೇಟರಿಗೆ ಹೋಗಿ ಆಪರೇಷನ್ ಮಾಡಿದವರನ್ನೇ ಕರೆತರಬೇಕು. ಆಮೇಲೆ ಅಂಚುಗಳಿಗೆ ಬೇರೆ ಬೇರೆ ಬಣ್ಣದ ಶಾಯಿ. ದವಡೆ ಮೂಳೆ ಆಸಿಡ್‌ನಲ್ಲಿ ಮೆತ್ತಗಾಗಲು ದಿನಗಟ್ಟಲೆ ಬೇಕು, ಹಾಗಾಗಿ ಮೆದು ಭಾಗದ ಬ್ಲಾಕ್‌ಗಳನ್ನು (ಸ್ಲೈಡ್ ಮಾಡಲು ಕತ್ತರಿಸಿಕೊಳ್ಳುವ ಚೂರುಗಳು) ಮೊದಲೇ ತೆಗೆದುಕೊಳ್ಳುವುದು. ಎಷ್ಟು ಗ್ರಂಥಿ ಸಿಕ್ಕಿತು, ಕುತ್ತಿಗೆಯ ಯಾವ ಮಟ್ಟದಲ್ಲಿ, ಕ್ಯಾನ್ಸರ್ ಗ್ರಂಥಿಯ ಕವಚ ಒಡೆದು ಹೊರಬಂದಿದೆಯೇ, ಬಂದಿದ್ದರೆ 2 ಮಿ.ಮೀ. ಒಳಗೋ ಹೊರಗೋ ಎಂದು ನೋಡಬೇಕು. ರೇಡಿಯೇಷನ್ ಜೊತೆ ಕೀಮೋ ಸೇರಿಸುವ ನಿರ್ಧಾರ ಬಹಳ ಸಲ ಈ ಒಂದು ಸಾಲಿನ ಮೇಲೆ ನಿಲ್ಲುತ್ತದೆ.

ಲಾಲಾಗ್ರಂಥಿಯ ಗಡ್ಡೆಗಳು, ಗಂಟಲಿನಲ್ಲಿ ಎಚ್‌ಪಿವಿ ವೈರಸ್‌ನಿಂದ ಬರುವ ಕ್ಯಾನ್ಸರಿಗೆ ಪಿ16 ಎಂಬ ಪ್ರೋಟೀನಿನ ಪರೀಕ್ಷೆ ಓದುವುದು, ಆಪರೇಷನ್ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್, ಇವೆಲ್ಲವನ್ನೂ ಕಲಿತೆ. ನನಗೆ ಹೆಚ್ಚು ಕಷ್ಟವಾದದ್ದು ನರುಳ್ಳೆಯ ಹಾಗೆ ಕಾಣುವ ವೆರುಕಸ್ ಕ್ಯಾನ್ಸರ್ ಗಡ್ಡೆ. ಅದು ಬೇರು ಬಿಟ್ಟು ನುಗ್ಗುವುದಿಲ್ಲ, ಅಗಲವಾಗಿ ಒತ್ತಿಕೊಂಡು ಇಳಿಯುತ್ತದೆ. ಮೇಲಿನಿಂದ ಚೂರು ಕಿತ್ತು ಕಳಿಸಿದ ಬಯಾಪ್ಸಿಯಲ್ಲಿ ಮೇಲ್ಪದರದ ಗಟ್ಟಿ ಕೆರಾಟಿನ್ ಬಿಟ್ಟು ಏನೂ ಕಾಣುವುದಿಲ್ಲ. ‘ಕ್ಯಾನ್ಸರ್ ಇಲ್ಲ’ ಎಂದು ಬರೆದರೆ ರೋಗಿ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ, ಗಡ್ಡೆ ಬೆಳೆಯುತ್ತಲೇ ಇರುತ್ತದೆ. ‘ಈ ತುಂಡಿನಲ್ಲಿ ಹೇಳಲಾಗದು, ಗಡ್ಡೆಯ ತಳ ಸೇರಿಸಿ ಆಳವಾಗಿ ತೆಗೆದು ಕಳಿಸಿ’ ಎಂದು ಹಿಂಜರಿಯದೆ ಬರೆಯಲು ಧೈರ್ಯ ಬಂದದ್ದು ಅಲ್ಲಿಯೇ.

ಕೋಲಾರಕ್ಕೆ ವಾಪಸ್ ಬಂದ ಮೇಲೆ ಮೊದಲು ಮಾಡಿದ್ದು, ಥಿಯೇಟರಿನಿಂದ ಬರುವ ಫಾರ್ಮಿನಲ್ಲಿ ಬಾಯಿಯ ಚಿತ್ರವೊಂದನ್ನು ಅಚ್ಚು ಹಾಕಿಸಿದ್ದು. ಗಡ್ಡೆ ಎಲ್ಲಿತ್ತು, ದಾರ ಎಲ್ಲಿ ಕಟ್ಟಿದೆ ಎಂದು ಅವರೇ ಗುರುತು ಹಾಕಬೇಕು. ಸಾಧ್ಯವಾದಾಗ ಆಪರೇಷನ್‌ಗೆ ಮುಂಚೆ ವಾರ್ಡಿಗೂ ಹೋಗುತ್ತೇನೆ. ಇಲ್ಲಿಗೆ ಬರುವ ಎಷ್ಟೋ ಹೆಂಗಸರು ಎಲೆ ಅಡಿಕೆ, ಸುಣ್ಣ, ಕಡ್ಡಿಪುಡಿಯ ಉಂಡೆಯನ್ನು ಕೆನ್ನೆಯಲ್ಲಿಟ್ಟುಕೊಂಡೇ ರಾತ್ರಿ ಮಲಗುವವರು. ಆಂಧ್ರದ ಗಡಿಯ ಜಿಲ್ಲೆ, ಬಹಳ ಜನ ತೆಲುಗಿನಲ್ಲೇ ಮಾತಾಡುತ್ತಾರೆ. “ಏ ಬುಗ್ಗಲೋ ಪೆಟ್ಟುಕುಂಟಾವಮ್ಮಾ?” (ಯಾವ ಕೆನ್ನೆಯಲ್ಲಿ ಇಟ್ಟುಕೊಳ್ತೀಯಮ್ಮಾ?) ಎಂದು ಕೇಳಿದರೆ ಬಾಯಿ ಪೂರ್ತಿ ತೆರೆಯಲಾಗದಿದ್ದರೂ ಹೊರಗಿನಿಂದ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಆ ಜಾಗವನ್ನೂ ಚಿತ್ರದಲ್ಲಿ ಗುರುತು ಮಾಡಿಕೊಳ್ಳುತ್ತೇನೆ. ತುಂಡು ಮೇಜಿಗೆ ಬಂದಾಗ ಗಡ್ಡೆಯಿಂದ ದೂರದ, ನೋಡಲು ಸರಿಯಾಗಿಯೇ ಇರುವ, ಉಂಡೆ ಇಡುತ್ತಿದ್ದ ಆ ಜಾಗದ ಒಳಚರ್ಮದಿಂದಲೂ ಒಂದು ಬ್ಲಾಕ್ ತೆಗೆಯುತ್ತೇನೆ.