ಮಿದುಳಿನ ಗಡ್ಡೆಯ ಊತ: ಡೆಕ್ಸಾ ಮಾತ್ರೆ ಕೊಡುವುದು ಹೇಗೆ, ಇಳಿಸುವುದು ಹೇಗೆ

ಹುಬ್ಬಳ್ಳಿಯಲ್ಲಿ ಮಿದುಳಿನ ಆಪರೇಷನ್ ಮುಗಿಸಿಕೊಂಡು ರೋಣ, ಸವಣೂರು, ಹಿರೇಕೆರೂರಿಗೆ ಹೊರಡುವವರು ಮಾತ್ರೆ ಒಯ್ಯಲು ನಮ್ಮ ಔಷಧಿ ಅಂಗಡಿಗೆ ಬರುತ್ತಾರೆ. ಅವರಲ್ಲಿ ಕೆಲವರು ಸ್ವಲ್ಪ ದಿನಕ್ಕೇ ಮತ್ತೆ ಆಸ್ಪತ್ರೆ ಸೇರುತ್ತಾರೆ. ವಿಚಾರಿಸಿದರೆ, ಮನೆಯವರು ಊತ ಇಳಿಸುವ ಡೆಕ್ಸಾ (ಡೆಕ್ಸಾಮೆಥಾಸೋನ್) ಮಾತ್ರೆಯನ್ನು ದಿಢೀರ್ ನಿಲ್ಲಿಸಿರುತ್ತಾರೆ.

ಮೊದಲು ಊತ ಏನು ಅಂತ ತಿಳಿಯಿರಿ. ಗಡ್ಡೆಯ ಸುತ್ತಲಿನ ಸಣ್ಣ ರಕ್ತನಾಳಗಳು ಸೋರಿ ನೀರು ಮಿದುಳಿಗೆ ಇಳಿಯುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ, ಒತ್ತಡ ಏರುತ್ತದೆ. ಬೆಳಗ್ಗೆ ಏಳುವಾಗ ತಲೆನೋವು, ವಾಂತಿ, ಒಂದು ಕಡೆಯ ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಇದೆಲ್ಲ ಎಷ್ಟೋ ಸಲ ಊತದ್ದೇ ಕಾಟ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಆ ಸೋರಿಕೆಯನ್ನು ತಗ್ಗಿಸುತ್ತದೆ. 1961ರಲ್ಲಿ ಅಮೆರಿಕದ ವೈದ್ಯರು ಈ ಊತಕ್ಕೆ ಇದನ್ನು ಕೊಟ್ಟು ನೋಡಿ ವರದಿ ಮಾಡಿದರು. ಇವತ್ತಿಗೂ ಇದೇ ಮುಖ್ಯ ಔಷಧ.

ಆಪರೇಷನ್‌ನಲ್ಲಿ ಗಡ್ಡೆ ತೆಗೆದರೆ ಊತದ ಮೂಲ ಹೋಗುತ್ತದೆ. ಆದರೂ ಮೊದಲ ಕೆಲವು ದಿನ ಊತ ಏರಬಹುದು, ಅದಕ್ಕೇ ಮಾತ್ರೆ ಮುಂದುವರಿಯುತ್ತದೆ. ಊತ ಇಳಿಸಲು ರಕ್ತನಾಳಕ್ಕೆ ಹಾಕುವ ಮ್ಯಾನಿಟಾಲ್ ಡ್ರಿಪ್ ಆಸ್ಪತ್ರೆಯವರ ಕೆಲಸ. ಇನ್ನೊಂದು ಮಾತು: ತಲೆನೋವು ಅಂತ ಚೀಟಿ ಇಲ್ಲದೆ ಡೆಕ್ಸಾ ಕೇಳಬೇಡಿ. ಲಿಂಫೋಮಾ ಎಂಬ ಗಡ್ಡೆ ಸ್ಟೀರಾಯ್ಡ್‌ಗೆ ಕರಗಿಬಿಟ್ಟರೆ ಬಯಾಪ್ಸಿಯಲ್ಲಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಏನೂ ಸಿಗದೆ ಹೋಗಬಹುದು.

ಸ್ಟ್ರಿಪ್ ಓದಿ. 0.5 ಮಿ.ಗ್ರಾಂ ಮಾತ್ರೆಯೂ ಸಿಗುತ್ತದೆ, 4 ಮಿ.ಗ್ರಾಂ ಮಾತ್ರೆಯೂ ಸಿಗುತ್ತದೆ. ಹೆಸರು ಒಂದೇ, ಅಳತೆ ಎಂಟು ಪಟ್ಟು ಬೇರೆ. ಊರಿನ ಅಂಗಡಿಯಲ್ಲಿ 4ರದ್ದು ಇಲ್ಲ ಅಂತ 0.5ರ ಒಂದೇ ಮಾತ್ರೆ ಕೊಟ್ಟರೆ, ನಿಮ್ಮ ಲೆಕ್ಕದಲ್ಲಿ ಮಾತ್ರೆ ಹೋಗಿದೆ, ರೋಗಿಗೆ ಹೆಚ್ಚುಕಡಿಮೆ ನಿಂತೇ ಹೋಗಿದೆ. ಪೂರ್ತಿ ಕೋರ್ಸ್ ಒಂದೇ ಸಲ ಕೊಂಡುಬಿಡಿ.

ಬೆಳಗ್ಗೆ ತಿಂಡಿ ಆದ ಮೇಲೆ ಕೊಡಿ. ಎರಡು ಹೊತ್ತು ಬರೆದಿದ್ದರೆ ಎರಡನೆಯದನ್ನು ಮಧ್ಯಾಹ್ನದ ಊಟಕ್ಕೇ ಮುಗಿಸಬಹುದಾ ಅಂತ ಡಾಕ್ಟರನ್ನು ಕೇಳಿ, ರಾತ್ರಿ ಕೊಟ್ಟರೆ ನಿದ್ದೆ ಹಾಳು. ಮೈಕೈ ನೋವಿಗೆ ಸುಮ್ನೆ ಡೈಕ್ಲೋಫೆನಾಕ್ ಸೇರಿಸಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಶುಗರ್ ನೋಡುತ್ತಿರಿ.

ಈಗ ಇಳಿಸುವ ಹಂತ. ಎಲ್ಲರೂ ತಪ್ಪುವುದು ಇಲ್ಲೇ. ಮುಖ ಉಬ್ಬಿತು, ಶುಗರ್ ಏರಿತು, 'ಸ್ಟೀರಾಯ್ಡ್ ಕೆಟ್ಟದ್ದು' ಅಂತ ಬೀಗರು ಹೇಳಿದರು, ಸ್ಟ್ರಿಪ್ ಖಾಲಿಯಾಯಿತು, ನಿಲ್ಲಿಸಿಬಿಟ್ಟರು. ಆದರೆ ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ದೇಹದ ಸ್ವಂತ ಸ್ಟೀರಾಯ್ಡ್‌ನ ತಯಾರಿಕೆಯನ್ನು ತಗ್ಗಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಒಂದು ಕಡೆ ಊತ ಮರಳಬಹುದು, ಇನ್ನೊಂದು ಕಡೆ ಬಿಪಿ ಬಿದ್ದು, ವಾಂತಿಯಾಗಿ, ರೋಗಿ ಎಚ್ಚರ ತಪ್ಪಬಹುದು, ಜೀವಕ್ಕೇ ಬರಬಹುದು.

ಡಿಸ್ಚಾರ್ಜ್ ದಿನ ಡಾಕ್ಟರ ಕೈಯಲ್ಲಿ ತಾರೀಖು ಸಮೇತ ಬರೆಸಿಕೊಳ್ಳಿ: ಯಾವತ್ತಿನವರೆಗೆ 8 ಮಿ.ಗ್ರಾಂ, ಯಾವತ್ತಿನಿಂದ 4, ಆಮೇಲೆ 2, ಆಮೇಲೆ 1. ಇದು ಬರೆಯುವ ರೀತಿ ಅಷ್ಟೇ, ಅಳತೆ ಒಬ್ಬೊಬ್ಬರಿಗೆ ಒಂದೊಂದು. ಗೋಡೆಯ ಕ್ಯಾಲೆಂಡರ್‌ನ ಒಂದೊಂದು ಖಾನೆಯಲ್ಲೂ ಆ ದಿನದ ಮಿ.ಗ್ರಾಂ ಬರೆಯಿರಿ, ಮಾತ್ರೆ ನುಂಗಿದ ಮೇಲೆ ಗೀಟು ಹಾಕಿ. 2ಕ್ಕೆ ಇಳಿದಾಗ 4ರ ಮಾತ್ರೆಯನ್ನು ಚಾಕುವಿನಿಂದ ತುಂಡು ಮಾಡಬೇಡಿ, ಅರ್ಧ ಪುಡಿಯಾಗಿ ಹೋಗುತ್ತದೆ. ಅಲ್ಲಿಂದ ಮುಂದೆ 0.5ರದ್ದೇ ವಾಸಿ: 2ಕ್ಕೆ ನಾಲ್ಕು ಮಾತ್ರೆ, 1ಕ್ಕೆ ಎರಡು. ಆವತ್ತೇ ಉಳಿದ 4ರ ಸ್ಟ್ರಿಪ್ ಬೇರೆ ಎತ್ತಿಡಿ.

ಇಳಿಸಿದ ಮೇಲೆ ತಲೆನೋವು ಮರಳಿತಾ, ಕಾಲು ಎಳೆಯತೊಡಗಿತಾ? ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಹಿಂದಿನ ಅಳತೆಗೆ ಏರಿಸಿ ಇನ್ನೂ ನಿಧಾನ ಇಳಿಸುತ್ತಾರೆ. ಆರಾಮ ಅನ್ನಿಸುತ್ತಿದೆ ಅಂತ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ಎಳೆಯುವುದೂ ಬೇಡ. ತೊಡೆಯ ಶಕ್ತಿ ಕುಂದಿ ನೆಲದಿಂದ ಏಳಲು ಆಗದಿದ್ದರೆ, ಬಾಯಲ್ಲಿ ಬಿಳಿ ಪದರ ಕಟ್ಟಿದರೆ, ಜ್ವರ ಬಂದರೆ ತೋರಿಸಿ.

ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಬೇಕಾಗುತ್ತದೆ, ಮರುದಿನ ನೋಡೋಣ ಅನ್ನಬೇಡಿ. ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದಾಗಿ ಕಂಡರೆ 108ಕ್ಕೆ ಕರೆ ಮಾಡಿ, ಒಂದು ಮಗ್ಗುಲಿಗೆ ಮಲಗಿಸಿ. ಸ್ಕ್ಯಾನ್, ಡಿಸ್ಚಾರ್ಜ್ ಕಾರ್ಡ್, ಸ್ಟ್ರಿಪ್ ಜೊತೆಗಿರಲಿ. ದಿನಕ್ಕೆ ಎಷ್ಟು ಡೆಕ್ಸಾ, ಕೊನೆಯ ಮಾತ್ರೆ ಯಾವಾಗ ಹೋಯಿತು, ಇದನ್ನು ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಿ.